ಬ್ಯಾಂಡಿನವರ ಜಪಾನಿ ಹಾಡು

ಮದುಮಗಳು ತನ್ನ ಫೋನನ್ನು ಹೊಳೆಯಪ್ಪನ ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಹೊರಗೆ ಬೈಪಾಸಿಗೆ ಹೊರಟ ಲಾರಿಗಳ ಸದ್ದು, ಒಳಗೆ ಮುಷರಫ ತನ್ನ ಡ್ರಮ್ಮಿನ ತಿರುಪು ಬಿಗಿಯುವ ಸದ್ದು. ಎರಡರ ನಡುವೆ ಹೊಳೆಯಪ್ಪ ಹಲ್ಲುನೋವು ಬಂದವನ ಹಾಗೆ ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದ. ಐದು ಜನ ಹುಡುಗರು ಹಾಡುತ್ತಿದ್ದರು. ಒಂದು ಮಾತೂ ತಿಳಿಯಲಿಲ್ಲ. ಆದರೆ ಧಾಟಿ ಚೆನ್ನಾಗಿತ್ತು. ಅವಸರವಿಲ್ಲದೆ ಮೇಲೆ ಹತ್ತಿ, ನಗುನಗುತ್ತ ಕೆಳಗಿಳಿಯುತ್ತಿತ್ತು. ಅವನ ಬೆರಳುಗಳು ಆಗಲೇ ತೊಡೆಯ ಮೇಲೆ ಕ್ಲಾರಿನೆಟ್ಟಿನ ತೂತುಗಳನ್ನು ಹುಡುಕತೊಡಗಿದ್ದವು.

“ಇದು ಯಾವ ಭಾಷಾರಿ ಅಕ್ಕಾರ?” ಎಂದು ಕೇಳಿದ.

“ಜಪಾನಿ, ಕಾಕಾ.”

“ಜಪಾನಿನ ಹುಡುಗರೇನ್ರಿ ಇವರು?”

“ಅಲ್ಲ. ಹುಡುಗರು ಕೊರಿಯಾದವರು. ಹಾನುಲ್ ಅಂತ ಗುಂಪಿನ ಹೆಸರು. ಅವರ ಹಾಡೆಲ್ಲಾ ಕೊರಿಯಾ ಭಾಷಾದಾಗ ಇರ್ತಾವ. ಇದೊಂದು ಮಾತ್ರ ಜಪಾನಿನವರ ಸಲುವಾಗಿ, ಜಪಾನಿ ಕಲ್ತು ಹಾಡ್ಯಾರ. ಅಲ್ಲೇ ಬಿಡುಗಡಿ ಆಗೇದ. ನನಗ ಇದಽ ಬೇಕು.”

ಮದುಮಗಳ ಹೆಸರು ಋತುಜಾ. ಹುಬ್ಬಳ್ಳಿಯ ಕೇಶ್ವಾಪುರದವಳು, ಬ್ಯಾಂಕಿನಲ್ಲಿ ಕೆಲಸ. ಅವಳ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಂದೆ ವೆಂಕಣ್ಣನವರು ಕೂತಿದ್ದರು. ಮೂಲ ಧಾರವಾಡದವರು, ತಂಬೂರಿಯ ದನಿ ಕೇಳುತ್ತಲೇ ಬೆಳೆದವರು. ಈ ಹಾಡಿನ ವಿಷಯದಲ್ಲಿ ಮಗಳೆದುರು ಸೋತೇ ಗಬ್ಬೂರ ಕ್ರಾಸಿನ ಈ ಬ್ಯಾಂಡಿನ ಖೋಲಿಗೆ ಬಂದಿದ್ದಾರೆನ್ನುವುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

“ನೋಡ್ರಿ ಮಾಸ್ತರ,” ಎಂದರು ಅವರು, “ಹಾಡೋರು ಕೊರಿಯಾದವರು. ಕೇಳೋರು ಜಪಾನಿನವರು. ನಮ್ಮ ಮನಿ ಮದುವ್ಯಾಗ ಇದರದೇನು ಕೆಲಸ?”

ಹೊಳೆಯಪ್ಪನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. “ಸಾಂಗಲಿ ಕಡೆ ಲಗ್ನಕ್ಕ ಹೋದ್ರ ನಾವು ಮರಾಠಿ ಬಾರಸತೇವ್ರಿ. ಮಾರವಾಡ್ಯಾರ ಲಗ್ನದಾಗ ಅವರ ಹಾಡು ಊದತೇವಿ. ನಮಗೇನು ಆ ಭಾಷಾ ಬರತಾವೇನು? ಗಿರಾಕಿ ಯಾರೋ ಅವರ ಹಾಡು. ಪಾಪ, ಆ ಹುಡುಗರದೂ ನಮ್ಮಂಗಽ ಆಗೇತಿ.”

ವೆಂಕಣ್ಣನವರು ಹೊಟ್ಟೆ ಕುಣಿಯುವ ಹಾಗೆ ನಕ್ಕರು. “ಖರೇ ಅದ ಬಿಡ್ರಿ. ನಮ್ಮ ಅತ್ಯಾ ಹುಟ್ಟಾ ಧಾರವಾಡದಾಕಿ. ಪುಣೇದಾಗ ಮರಾಠಿ ಪದಾ ಹಾಡಿದ್ರ ಅಲ್ಲಿ ಮಂದಿ, ಈಕಿ ನಮ್ಮಾಕೀನಽ ಅಂತಿದ್ರು. ಮನಿಗೆ ಬಂದು ಚಹಾ ಕೇಳೋದು ಮಾತ್ರ ಕನ್ನಡದಾಗ.” ಅಲ್ಲಿಗೆ ಹಾಡಿನ ಮೇಲಿದ್ದ ಅವರ ತಕರಾರು ಮುಗಿಯಿತು.

ಮದುವೆಯ ಹಿಂದಿನ ಸಂಜೆ ವರ ವಿನೀತನನ್ನು ಗಣಪತಿ ಗುಡಿಯಿಂದ ಮೆರವಣಿಗೆಯಲ್ಲಿ ಕರೆತರುವುದು, ಕಲ್ಯಾಣಮಂಟಪದ ಬಾಗಿಲಿಗೆ ಬಂದಾಗ ಈ ಹಾಡು ಬಾರಿಸುವುದು ಎಂದು ಋತುಜಾ ವಿವರಿಸಿದಳು. “ವಿನೀತನ ಗೆಳ್ಯಾರು ಡಿಜೆ ಹಚ್ಚೋಣ ಅಂತಾರ ಕಾಕಾ. ನಾನಽ ಬ್ಯಾಂಡು ಬೇಕು ಅಂತ ಹಟಾ ಹಿಡದೇನಿ. ನಿಮಗ ಆಗೂದಿಲ್ಲ ಅಂದ್ರ ಈಗಽ ಹೇಳಿಬಿಡ್ರಿ, ನಾ ಏನೂ ತಿಳಕೊಳ್ಳೋದಿಲ್ಲ.”

“ಆಗತೈತ್ರಿ,” ಎಂದ ಹೊಳೆಯಪ್ಪ. ವಿಚಾರ ತಲೆಗೆ ಬರುವ ಮೊದಲೇ ಮಾತು ಬಾಯಿಂದ ಹೊರಟುಹೋಗಿತ್ತು.

“ಬಾಗಲದಾಗ ನಮ್ಮ ಗುಂಪು ನಿಂತಿರ್ತದ. ಎಲ್ಲಾರೂ ಈ ಹಾನುಲ್ ಹುಚ್ಚಿನ ಹುಡುಗ್ಯಾರು. ಸ್ವಲ್ಪ ತಪ್ಪಿದ್ರೂ ಹಿಡೀತಾರ. ಅದರಾಗೂ ಗೀತಾಂಜಲಿ ಅಂತ ಒಬ್ಬಾಕಿ ಇದ್ದಾಳ, ಬಿ.ಕಾಂ. ಓದ್ಲಿಕ್ಕತ್ತಾಳ, ನಿಮ್ಮ ಗಬ್ಬೂರ ಕಡ್ಯಾಕಿನಽ. ಆಕಿಗಂತೂ ಇಡೀ ಹಾಡು ಬಾಯಿಪಾಠ.”

ಮುಷರಫನ ಕೈ ನಿಲ್ಲುವುದು ಅಪರೂಪ. ಈಗ ನಿಂತಿತು. ಅವನು ಹೊಳೆಯಪ್ಪನ ಮುಖ ನೋಡಿದ. ಹೊಳೆಯಪ್ಪ ಕ್ಲಾರಿನೆಟ್ಟಿನ ಬಾಯಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತ, “ಹೌದೇನ್ರಿ” ಎಂದಷ್ಟೇ ಅಂದ.

ಗೀತಾಂಜಲಿ ಅವನ ಮಗಳು. ಇರುವವಳು ಅವಳೊಬ್ಬಳೇ.

ಆಕೆ ನನ್ನ ಮಗಳೆಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಹೋದ ವರ್ಷದ ಒಂದು ಸಂಜೆ ಅವನ ನಾಲಿಗೆಗೆ ಅಡ್ಡ ಬಂತು. ಕೇಶ್ವಾಪುರದಲ್ಲಿ ಯಾರದೋ ಮದುವೆಯ ಮೆರವಣಿಗೆ. ಹೊಳೆಯಪ್ಪ ಮುಂದೆ ನಿಂತು ಗಲ್ಲ ಉಬ್ಬಿಸಿ ಊದುತ್ತ ಬರುತ್ತಿದ್ದಾನೆ. ಮೈಮೇಲೆ ಕೆಂಪು ಕೋಟು, ಹೆಗಲ ಮೇಲೆ ಜರಿಪಟ್ಟಿ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ. ಎದುರಿಗೆ ಗೀತಾ ಇಬ್ಬರು ಗೆಳತಿಯರೊಂದಿಗೆ ಬರುತ್ತಿದ್ದಳು. ಅಪ್ಪನನ್ನು ಕಂಡವಳೇ ಗೆಳತಿಯರ ಕೈ ಹಿಡಿದೆಳೆದು ರಸ್ತೆಯ ಆಚೆ ಬದಿಗೆ ದಾಟಿ, ಬಳೆ ಅಂಗಡಿಯ ಗಾಜಿಗೆ ಮುಖ ಹಚ್ಚಿ, ಮೆರವಣಿಗೆ ಮುಂದೆ ಹೋಗುವವರೆಗೂ ಹಾಗೇ ನಿಂತಿದ್ದಳು. ಹೊಳೆಯಪ್ಪ ಸ್ವರ ತಪ್ಪಲಿಲ್ಲ. ಮನೆಗೆ ಬಂದ ಮೇಲೆ ಕೇಳಲೂ ಇಲ್ಲ. ಅಂದಿನಿಂದ ಕೋಟನ್ನು ಮಾತ್ರ ಮನೆಯಿಂದ ಹಾಕಿಕೊಂಡು ಹೊರಡುವುದು ಬಿಟ್ಟು, ಚೀಲದಲ್ಲಿ ಒಯ್ದು ಮೆರವಣಿಗೆಯ ಜಾಗದಲ್ಲೇ ತೊಡುತ್ತಿದ್ದ. ಹೆಂಡತಿ ಶಿವಬಸವ್ವನಿಗೆ ಇದೆಲ್ಲ ಯಾರೂ ಹೇಳಿರಲಿಲ್ಲ, ಆದರೆ ಹೇಳದೆ ತಿಳಿಯುವ ಹೆಂಗಸು ಅವಳು. ತೊಳೆದ ಕೋಟನ್ನು ಮುಂಬಾಗಿಲ ತಂತಿಯ ಬದಲು ಹಿತ್ತಲಲ್ಲಿ ಒಣಹಾಕತೊಡಗಿದಳು. ನೆರೆಯವರು ಕೇಳಿದರೆ, “ಮುಂದ ಬಿಸಲು ಭಾಳ, ಬಣ್ಣ ಹೋಗತೈತಿ” ಎನ್ನುತ್ತಿದ್ದಳು. ಹಿತ್ತಲಲ್ಲೂ ಬಿಸಿಲು ಅಷ್ಟೇ ಇತ್ತು.

ಅವನಿಗೆ ಮಗಳ ಮೇಲೆ ಸಿಟ್ಟಿರಲಿಲ್ಲ. ಆಸೆಯಿತ್ತು. ಒಂದೇ ಒಂದು ಸಲ ಅವಳು ರಸ್ತೆಯ ಈಚೆ ಬದಿಗೆ ನಿಂತು, ತಾನು ಊದುವುದನ್ನು ಕೇಳಬೇಕೆಂಬ ಆಸೆ. ಗುಡಿಯಲ್ಲಿ ಕೈಮುಗಿದಾಗ ಬೇರೆ ಏನೇನೋ ಬೇಡಿಕೊಂಡರೂ ಕೊನೆಗೆ ಇದನ್ನೂ ಒಂದು ಮಾತು ಸೇರಿಸುತ್ತಿದ್ದ.

ಮರುದಿನ ಸಂಜೆ ಗೀತಾ ಕಾಲೇಜಿನಿಂದ ಬಂದಾಗ ಹೊಳೆಯಪ್ಪ ಹಿತ್ತಲಲ್ಲಿ ಕೂತು ಆ ಹಾಡನ್ನೇ ಊದುತ್ತಿದ್ದ. ಬ್ಯಾಗು ಹೆಗಲಲ್ಲಿರುವಂತೆಯೇ ಅವಳು ಹಿತ್ತಲ ಬಾಗಿಲಿಗೆ ಬಂದು ನಿಂತಳು. ತನ್ನ ಪೆಟ್ಟಿಗೆಯನ್ನು ಯಾರೋ ತೆರೆದದ್ದು ಕಂಡವಳ ಹಾಗಿತ್ತು ಅವಳ ಮುಖ.

“ಯಪ್ಪಾ, ಈ ಹಾಡು ನಿನಗ ಯಾರು ಕೊಟ್ರು?”

“ಋತುಜಾ ಅನ್ನಾಕಿ. ಕೇಶ್ವಾಪುರದಾಕಿ. ತನ್ನ ಲಗ್ನಕ್ಕ ಬಾರಸಬೇಕಂತ.”

ಗೀತಾ ಅರಿವೆ ಒಗೆಯುವ ಕಲ್ಲಿನ ಮೇಲೆ ಕೂತಳು. “ಋತುಜಕ್ಕನ ಲಗ್ನಕ್ಕ ನಿಮ್ಮ ಬ್ಯಾಂಡೇನು?”

“ನಮ್ಮದಽ.”

ಅವಳ ತಲೆಯಲ್ಲಿ ಏನು ನಡೆದಿದೆ ಎನ್ನುವುದು ಅವನಿಗೆ ಕಾಣುತ್ತಿತ್ತು. ಬಾಗಿಲಲ್ಲಿ ಸಾಲಾಗಿ ನಿಂತ ಗೆಳತಿಯರು, ಎದುರಿಗೆ ಕೆಂಪು ಕೋಟಿನ ಅಪ್ಪ. ದಾಟಿ ಹೋಗಲು ಅಲ್ಲಿ ರಸ್ತೆಯಿಲ್ಲ, ಮುಖ ಹಚ್ಚಲು ಬಳೆ ಅಂಗಡಿಯಿಲ್ಲ.

“ನನಗ ಅವತ್ತು ಹೋಗಾಕ ಆಗಂಗಿಲ್ಲ. ಓದೂದೈತಿ,” ಎಂದಳು, ಯಾರೂ ಕೇಳದಿದ್ದರೂ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಶಿವಬಸವ್ವನ ಕೈ ನಿಂತಿತು. “ನಡುವಿನ ಪರೀಕ್ಷಾ ಮುಗದು ವಾರ ಆತಲ್ಲ, ಇನ್ನೇನು ಓದತಿ?”

“ಮುಂದಿನ ಸೆಮಿಸ್ಟರಿಂದು.”

“ಹಂಗಾರ ಓದವ್ವಾ,” ಎಂದು ಶಿವಬಸವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಮಗಳು ಮುಂದಿನ ಸೆಮಿಸ್ಟರಿನದಿರಲಿ, ಇದೇ ಸೆಮಿಸ್ಟರಿನದನ್ನೂ ಪರೀಕ್ಷೆಯ ಹಿಂದಿನ ದಿನವೇ ಓದುವವಳೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹೊಳೆಯಪ್ಪ ಹಾಡನ್ನು ಮೊದಲಿನಿಂದ ಹಿಡಿದ. ಅವನಿಗೆ ಹಾಡು ಬಹುಮಟ್ಟಿಗೆ ಕೂತಿತ್ತು. ನಡುವೆ ಒಂದು ಜಾಗ ಮಾತ್ರ ವಿಚಿತ್ರವಾಗಿತ್ತು. ಅಲ್ಲಿ ಹುಡುಗನೊಬ್ಬ ದನಿಯೇರಿಸಿ ಏನೋ ಕೇಳಿದಂತೆ ಮಾಡಿ ಸುಮ್ಮನಾಗುತ್ತಿದ್ದ. ವಾದ್ಯವೂ ಇಲ್ಲ, ಮಾತೂ ಇಲ್ಲ, ನಾಲ್ಕು ಮಾತ್ರೆ ಬರೀ ಖಾಲಿ. ಮೊದಲ ಸಲ ಕೇಳಿದಾಗ ಫೋನು ಕೆಟ್ಟಿತೆಂದು ತಿಳಿದು ಅದನ್ನು ಅಂಗೈಗೆ ಕುಟ್ಟಿದ್ದ. ಬ್ಯಾಂಡಿನವರಿಗೆ ಖಾಲಿ ಜಾಗ ಕಂಡರಾಗದು. ಮೆರವಣಿಗೆಯಲ್ಲಿ ಬ್ಯಾಂಡು ನಿಂತರೆ ಹಿಂದಿನವರು ಯಾರೋ ಬಿದ್ದರೆನ್ನುತ್ತಾರೆ, ಮುಂದಿನವರು ಜಗಳ ಹತ್ತಿತೆನ್ನುತ್ತಾರೆ, ಹಿರಿಯರು ಅಪಶಕುನವೆನ್ನುತ್ತಾರೆ. ಅದಕ್ಕೆ ಯಾವ ಹಾಡು ಎಲ್ಲಿ ಉಸಿರು ತೆಗೆದುಕೊಂಡರೂ ಅಲ್ಲಿ ತಮ್ಮದೊಂದು ಗಿರಕಿ ಹಾಕಿ ತುಂಬಿಬಿಡುವುದು ಅವರ ಪದ್ಧತಿ. ಹೊಳೆಯಪ್ಪನೂ ತನ್ನ ಗುರು ಕಲಿಸಿದ ಒಂದು ಸೊಗಸಾದ ಗಿರಕಿಯನ್ನು ಅಲ್ಲಿ ಕೂರಿಸಿದ್ದ. ಅದರ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಗೀತಾ ಒಂದು ಸಲ ಕೇಳಿ ಹಲ್ಲು ಕಚ್ಚಿದಳು. ಎರಡನೆಯ ಸಲ ಒಳಗೆ ಹೋಗಲೆಂದು ಎದ್ದಳು. ಮೂರನೆಯ ಸಲಕ್ಕೆ ಬಾಗಿಲಿಂದಲೇ ತಿರುಗಿ ಬಂದಳು.

“ಯಪ್ಪಾ, ಅಲ್ಲಿ ಊದಬ್ಯಾಡ.”

“ಎಲ್ಲಿ?”

“ಅದಽ ಆ ಜಾಗಾದಾಗ. ಅಲ್ಲಿ ಸುಮ್ಮ ನಿಂದ್ರಬೇಕು.”

“ಬ್ಯಾಂಡಿನವರು ಸುಮ್ಮ ನಿಂತ್ರ ಮಂದಿ ಏನಂದಾರು?”

“ಅದು ಖಾಲಿ ಜಾಗಾ ಅಲ್ಲ ಯಪ್ಪಾ. ಅದು ಕೇಳಾವರ ಜಾಗಾ.” ಅವಳು ಬ್ಯಾಗನ್ನು ಕಲ್ಲಿನ ಮೇಲಿಟ್ಟು ಅವನ ಪಕ್ಕದಲ್ಲೇ ಕೂತಳು. “ಇದಽ ಹಾಡು ಮೊದಲ ಕೊರಿಯಾ ಭಾಷಾದಾಗ ಇದ್ದಾಗ ಅಲ್ಲಿ ಲಗುಲಗು ಮಾತು ಇದ್ವು. ಜಪಾನಿನವರ ಸಲುವಾಗಿ ಮಾಡುವಾಗ ಅದನ್ನ ತಗದು ಹಾಕಿದ್ರು. ಯಾಕಂದ್ರ, ಆ ಹುಡುಗ ‘ಎಲ್ಲಿದ್ದೀ?’ ಅಂತ ಕೇಳತಾನ. ಕೇಳಿ ಸುಮ್ಮ ನಿಂದರತಾನ. ಆಗ ಮುಂದ ಕುಂತ ಮಂದಿ ಎಲ್ಲಾ ಕೂಡಿ ‘ಕೋಕೋ ನಿ ಇರು ಯೋ’ ಅಂತ ಕೂಗಬೇಕು.”

“ಹಂಗಂದ್ರ?”

“‘ನಾ ಇಲ್ಲೇ ಅದೇನಿ’ ಅಂತ.”

ಅವಳು ಫೋನು ತೆಗೆದು ಒಂದು ವಿಡಿಯೋ ತೋರಿಸಿದಳು. ದೊಡ್ಡ ಸಭಾಂಗಣ, ಕತ್ತಲೆಯಲ್ಲಿ ಸಾವಿರಾರು ಸಣ್ಣ ದೀಪ, ವೇದಿಕೆಯ ಮೇಲೆ ಕೂದಲಿಗೆ ಗುಲಾಬಿ ಬಣ್ಣ ಹಚ್ಚಿದ ಐದು ಹುಡುಗರು. ಹಿಟ್ಟಿನ ಕೈಯಲ್ಲೇ ಬಂದು ಹಣಿಕಿದ ಶಿವಬಸವ್ವ, “ಯವ್ವಾ, ಯಾಕ ಎಲ್ಲಾರೂ ತಲಿಗೆ ಗುಲಾಲ ಹೊಡಕೊಂಡಾರ?” ಎಂದಳು. ಗೀತಾ ಅವ್ವನಿಗೆ ಉತ್ತರ ಕೊಡುವ ಗೋಜಿಗೆ ಹೋಗದೆ ನಡುವಿನ ಹುಡುಗನ ಮೇಲೆ ಬೆರಳಿಟ್ಟಳು.

“ಈತಗ ಜಪಾನಿ ಬರತಿದ್ದಿಲ್ಲ. ಸಣ್ಣ ಹುಡುಗರಂಗ ಕುಂತು ಕಲತಾನ. ಇದು ಜಪಾನಿನ್ಯಾಗ ಮೊದಲ್ನೇ ಸಲ ಹಾಡಿದ್ದು. ಬ್ಯಾರೆ ದೇಶ, ಬ್ಯಾರೆ ಭಾಷಾ, ನಾ ಕೇಳಿದ್ದಕ್ಕ ಯಾರೂ ಓ ಅನ್ನದಿದ್ರ ಹೆಂಗ ಅಂತ ಭಾಳ ಅಂಜಿದ್ನಂತ. ಈಗ ನೋಡು.”

ಹುಡುಗ ಕೇಳಿದ. ವಾದ್ಯ ನಿಂತಿತು. ಅವನ ಗಂಟಲು ಒಮ್ಮೆ ಮೇಲೆ ಕೆಳಗೆ ಆದದ್ದು ಫೋನಿನಲ್ಲೂ ಕಾಣಿಸಿತು. ಆಮೇಲೆ ಇಡೀ ಸಭಾಂಗಣ ಒಂದೇ ದನಿಯಲ್ಲಿ ಉತ್ತರ ಕೊಟ್ಟಿತು. ಹುಡುಗ ಮುಖ ಆ ಕಡೆ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡ. ಹೊಳೆಯಪ್ಪ ಫೋನನ್ನು ತನ್ನ ಕೈಗೆ ತೆಗೆದುಕೊಂಡು ಮತ್ತೊಮ್ಮೆ ನೋಡಿದ.

“ಯಾರೂ ಓ ಅನ್ನಲಿಲ್ಲಂದ್ರ?” ಎಂದು ಕೇಳಿದ.

“ಅಂತಾರ ಯಪ್ಪಾ. ಅಂದಽ ಅಂತಾರ.”

ಆಮೇಲಿನ ಸಂಜೆಗಳು ಹೊಳೆಯಪ್ಪನಿಗೆ ಹಬ್ಬದ ಹಾಗಿದ್ದವು. ಗೀತಾ ಕಾಲೇಜಿನಿಂದ ಬಂದವಳೇ ಕಲ್ಲಿನ ಮೇಲೆ ಕೂತು, “ಇಲ್ಲಿ ಇನ್ನೊಂಚೂರು ಹಗೂರ,” “ಇಲ್ಲಿ ಓಡಬ್ಯಾಡ” ಎಂದು ಅಪ್ಪನನ್ನು ತಿದ್ದುವಳು. ಅವನು ಬೇಕೆಂದೇ ಒಂದೆರಡು ಕಡೆ ತಪ್ಪು ಮಾಡಿ ಬೈಸಿಕೊಳ್ಳುವನು. ಮಗಳು ತನ್ನ ಕ್ಲಾರಿನೆಟ್ಟಿನ ಇಷ್ಟು ಹತ್ತಿರ ಕೂತು ಎಷ್ಟೋ ವರ್ಷವಾಗಿತ್ತು. ಆದರೆ ಮದುವೆಯ ಮಾತು ಬಂದರೆ ಅವಳಿಗೆ ತಟ್ಟನೆ ಮುಂದಿನ ಸೆಮಿಸ್ಟರು ನೆನಪಾಗುತ್ತಿತ್ತು.

ಒಂದು ಸಂಜೆ ಹೊಳೆಯಪ್ಪ ಆ ಮಾತನ್ನು ತಾನೇ ಎತ್ತಿದ. ಅವಳ ಕಷ್ಟವನ್ನು ಹಗುರ ಮಾಡಬೇಕೆಂದಷ್ಟೇ ಅವನ ಮನಸ್ಸಿನಲ್ಲಿತ್ತು.

“ಗೀತಾ, ನೀ ಹೋಗು ಲಗ್ನಕ್ಕ. ಗೆಳತ್ಯಾರು ಎಲ್ಲಾ ಇರತಾರ, ನೀ ಒಬ್ಬಾಕಿ ಯಾಕ ತಪ್ಪಸಕೋತಿ? ನಾ ನಿನ್ನ ಕಡೆ ನೋಡಂಗಿಲ್ಲ. ಕಂಡ್ರೂ ಕಾಣದಂಗ ಇರತೇನಿ. ನನಗ ರೂಢಿ ಐತಿ.”

ಕೊನೆಯ ಮಾತು ಹೊರಗೆ ಬಿದ್ದ ಮೇಲೆ ಏನಂದೆನೆಂದು ಅವನಿಗೇ ತಿಳಿಯಿತು. ಗೀತಾ ಅವನನ್ನು ನೋಡಿದಳು. ಅವಳ ಕಿವಿಯ ತನಕ ಕೆಂಪಡರಿತು. ಬ್ಯಾಗು ತೆಗೆದುಕೊಂಡು ಒಳಗೆ ಹೋದಳು. ಶಿವಬಸವ್ವ ಒಲೆಯ ಮುಂದಿನಿಂದಲೇ ಗಂಡನ ಕಡೆ ಒಂದು ನೋಟ ಬೀರಿದಳು. ಹೊಳೆಯಪ್ಪ ತನ್ನ ನಾಲಿಗೆಯನ್ನು ತಾನೇ ಬೈದುಕೊಂಡ. ಒಂದು ವರ್ಷ ಹಿಡಿದಿಟ್ಟುಕೊಂಡದ್ದನ್ನು ಇನ್ನೊಂದು ವಾರ ಹಿಡಿದಿಡಬಾರದಿತ್ತೇ ಎಂದುಕೊಂಡ. ಮರುದಿನದಿಂದ ಗೀತಾ ಹಿತ್ತಲಿಗೆ ಬರಲಿಲ್ಲ.

ಬ್ಯಾಂಡಿನ ಖೋಲಿಯಲ್ಲಿ ಬೇರೆಯದೇ ಪಂಚಾಯ್ತಿ ನಡೆದಿತ್ತು. ಅಲ್ಲಿ ನಿಲ್ಲಬೇಕೆಂದು ಹೊಳೆಯಪ್ಪ ಹೇಳಿದಾಗ ಎಲ್ಲರೂ ಒಪ್ಪಿದರು. ಆದರೆ ಆ ಜಾಗ ಬಂದಾಗ ಮುಷರಫನ ಕಡ್ಡಿಗಳು ತಾವಾಗಿಯೇ ಗರಗರನೆ ಉರುಳುತ್ತಿದ್ದವು. ಅದನ್ನು ಕೇಳಿ ಢೋಲಿನ ನೀಲಪ್ಪ ತಾನು ಹಿಂದೆ ಬಿದ್ದೆನೆಂದು ಗಾಬರಿಯಾಗಿ ಧಡ್ ಎಂದು ಹೊಡೆಯುತ್ತಿದ್ದ.

“ಹೊಳೆಯಪ್ಪಣ್ಣ, ನಾ ಏನು ಮಾಡ್ಲಿ?” ಎಂದ ಮುಷರಫ. “ಹುಟ್ಟಿದಾಗಿಂದ ಈ ಕೈಗೆ ನಿಂದ್ರು ಅಂತ ಯಾರೂ ಹೇಳಿಲ್ಲ. ಮಲಕೊಂಡ್ರೂ ಮಂಚ ಬಾರಸತೇನಿ ಅಂತ ನನ್ನ ಹೇಂತಿ ಚಾಂದಬಿ ದಿನಾ ಬೈತಾಳ.”

“ಕಡ್ಡಿ ಬಾಯಾಗ ಹಿಡಕೊ,” ಎಂದ ನೀಲಪ್ಪ ಚೇಷ್ಟೆಗೆ.

ಮುಷರಫ ಅದನ್ನು ಚೇಷ್ಟೆಯೆಂದು ತಿಳಿಯಲಿಲ್ಲ. ಮುಂದಿನ ಸಲ ಆ ಜಾಗ ಬಂದಾಗ ಎರಡೂ ಕಡ್ಡಿಗಳನ್ನು ಗಬಕ್ಕನೆ ಹಲ್ಲಿನಲ್ಲಿ ಅಡ್ಡ ಹಿಡಿದುಬಿಟ್ಟ. ಖೋಲಿಯಲ್ಲಿ ಮೊಟ್ಟಮೊದಲ ಬಾರಿಗೆ ನಾಲ್ಕು ಮಾತ್ರೆ ನಿಶ್ಶಬ್ದವಾಯಿತು. ಐದನೆಯದಕ್ಕೆ ಎಲ್ಲರೂ ನಕ್ಕು ಹಾಡು ಕೆಟ್ಟಿತು. ಆದರೂ ಉಪಾಯ ಸಿಕ್ಕಿತ್ತು.

ಮೆರವಣಿಗೆಯ ದಿನ ಮಧ್ಯಾಹ್ನ ಹೊಳೆಯಪ್ಪ ಮನೆಯಿಂದ ಹೊರಡುವಾಗ ಗೀತಾ ಇರಲಿಲ್ಲ. “ಲೈಬ್ರರಿಗೆ ಹೋಗತೇನಿ ಅಂದ್ಲು,” ಎಂದಳು ಶಿವಬಸವ್ವ. “ದೀಪಾವಳಿಗೆ ತಂದ ಚೂಡಿದಾರ ಹಾಕ್ಕೊಂಡು ಹೋಗ್ಯಾಳ. ಈಗಿನ ಲೈಬ್ರರಿಗೆ ಹಂಗಽ ಹೋಗತಾರೋ ಏನೋ.” ಹೊಳೆಯಪ್ಪ ಕೋಟನ್ನು ಮಡಚಿ ಚೀಲಕ್ಕೆ ಹಾಕಿದ. ಬಂದರೆ ಬರಲಿ, ಬರದಿದ್ದರೆ ಇರಲಿ, ಕೊಟ್ಟ ಮಾತಿನಂತೆ ಅವಳ ಕಡೆ ನೋಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡ.

ಮೆರವಣಿಗೆ ಗುಡಿಯಿಂದ ಹೊರಟಾಗ ಬಿಸಿಲು ಇಳಿದಿತ್ತು. ವರ ವಿನೀತ ಪೇಟ ಸುತ್ತಿಕೊಂಡು ತೆರೆದ ಕಾರಿನಲ್ಲಿ ಕೂತಿದ್ದ. ಅವನ ಗೆಳೆಯರು ಡಿಜೆ ಇಲ್ಲದ ಸಿಟ್ಟನ್ನು ಮೊದಲ ಎರಡು ಹಾಡಿಗೇ ಮರೆತು ಅಂಗಿ ತೊಯ್ಯುವ ಹಾಗೆ ಕುಣಿದರು. ಕೇಶ್ವಾಪುರದ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಹೊರಗೆ ಬಂದರು. ಕಲ್ಯಾಣಮಂಟಪದ ಬಾಗಿಲು ಕಾಣುತ್ತಲೇ ಹೊಳೆಯಪ್ಪ ಕೈಯೆತ್ತಿ ಸನ್ನೆ ಮಾಡಿದ. ಅಲ್ಲಿ ಋತುಜಾ ಹಸಿರು ಸೀರೆಯಲ್ಲಿ ನಿಂತಿದ್ದಳು, ಸುತ್ತಲೂ ಹುಡುಗಿಯರ ಗುಂಪು. ಅವನು ಋತುಜಾಳ ಸೀರೆಯ ಅಂಚಿನ ತನಕ ಮಾತ್ರ ನೋಡಿ, ಕಣ್ಣನ್ನು ತನ್ನ ಬೂಟಿನ ತುದಿಗೆ ತಂದು ನಿಲ್ಲಿಸಿದ.

ಹಾಡು ಶುರುವಾದಾಗ ಹುಡುಗಿಯರು ಒಂದೇ ಸಲ ಚೀರಿದರು. ಎಲ್ಲರ ಫೋನುಗಳೂ ಮೇಲೆದ್ದವು. ಕ್ಲಾರಿನೆಟ್ಟು ಅವಸರವಿಲ್ಲದೆ ಮೇಲೆ ಹತ್ತಿತು, ನಗುನಗುತ್ತ ಇಳಿಯಿತು. ಹಗುರ ಎಂದಲ್ಲಿ ಹಗುರ, ಓಡಬೇಡ ಎಂದಲ್ಲಿ ನಿಧಾನ. ಆಮೇಲೆ ಆ ಜಾಗ ಬಂತು. ಹೊಳೆಯಪ್ಪ ದನಿಯೇರಿಸಿ ಕೇಳಿದ. ಎಲ್ಲಿದ್ದೀ? ಕೇಳಿ ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದ. ಮುಷರಫ ಕಡ್ಡಿಗಳನ್ನು ಹಲ್ಲಿಗೆ ಸಿಕ್ಕಿಸಿದ. ನೀಲಪ್ಪ ಢೋಲನ್ನು ಅಪ್ಪಿ ಹಿಡಿದ.

ಸಂಜೆಯ ಹೊತ್ತಿನಲ್ಲಿ ಕೇಶ್ವಾಪುರದ ರಸ್ತೆ ಅಷ್ಟು ಸುಮ್ಮನಾದದ್ದನ್ನು ಯಾರೂ ಕೇಳಿರಲಿಲ್ಲ. ಗಿರಮಿಟ್ಟಿನ ಗಾಡಿಯವನು ಉಳ್ಳಾಗಡ್ಡಿ ಹೆಚ್ಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹುಡುಗಿಯರು ಫೋನು ಹಿಡಿದು ಬಾಯಿ ತೆರೆದು ನಿಂತುಬಿಟ್ಟಿದ್ದರು. ಬ್ಯಾಂಡಿನವರು ಆ ಜಾಗ ಬಿಟ್ಟುಕೊಟ್ಟಾರೆಂದು ಅವರು ಕನಸಿನಲ್ಲೂ ನೆನೆಸಿರಲಿಲ್ಲ, ಹಾಗಾಗಿ ಕೂಗಲು ಯಾರೂ ಸಿದ್ಧರಿರಲಿಲ್ಲ. ಹೊಳೆಯಪ್ಪ ಬೂಟಿನ ತುದಿಯಿಂದ ಒಂದು ಮಾತ್ರೆ ತಟ್ಟಿದ. ಹಿಂದಿನಿಂದ ಯಾರೋ ಹಿರಿಯರು, “ಯಾಕ, ಏನಾತು?” ಎಂದರು. ಎರಡನೆಯದು ತಟ್ಟಿದ. ಆ ಕೊರಿಯಾದ ಹುಡುಗನ ಗಂಟಲು ಮೇಲೆ ಕೆಳಗೆ ಆದದ್ದೇಕೆಂದು ಅವನಿಗೆ ಆಗ ಪೂರ್ತಿ ತಿಳಿಯಿತು.

“ಕೋಕೋ ನಿ ಇರು ಯೋ.”

ಒಂದೇ ದನಿ. ಸ್ವಲ್ಪ ನಡುಗುವ, ಸ್ವಲ್ಪ ಒಡಕು ದನಿ. ಯಾವ ದೇಶದ ಭಾಷೆಯಲ್ಲಿ ಕೂಗಿದ್ದರೂ ಹೊಳೆಯಪ್ಪನಿಗೆ ಅದರ ಗುರುತು ಸಿಗುತ್ತಿತ್ತು. ನೋಡುವುದಿಲ್ಲವೆಂದು ಮಾತು ಕೊಟ್ಟಿದ್ದ. ನೋಡಿದ.

ಗೀತಾ ಗೆಳತಿಯರ ಸಾಲಿನಿಂದ ಹೊರಗೆ, ರಸ್ತೆಗೇ ಬಂದು ನಿಂತಿದ್ದಳು. ಬಾಯಿಯ ಸುತ್ತ ಎರಡೂ ಕೈ ಹಿಡಿದಿದ್ದಳು. ಅವಳು ನೋಡುತ್ತಿದ್ದದ್ದು ಮದುಮಗಳನ್ನಲ್ಲ, ವರನನ್ನಲ್ಲ, ಕೆಂಪು ಕೋಟಿನ ಅಪ್ಪನನ್ನು.

ನಾಲ್ಕನೆಯ ಮಾತ್ರೆ ಬಂದು ಹೋಯಿತು. ಊದಬೇಕೆಂಬುದೇ ಹೊಳೆಯಪ್ಪನಿಗೆ ಮರೆತುಹೋಗಿತ್ತು. ಮುಷರಫ ಕಡ್ಡಿಗಳನ್ನು ಬಾಯಿಂದ ಕೈಗೆ ಬೀಳಿಸಿಕೊಂಡು, ಹುಟ್ಟಾ ರೂಢಿಯ ಒಂದು ಉರುಳು ಹಾಕಿ ಮಾನ ಉಳಿಸಿದ. ಆ ಹೊತ್ತಿಗೆ ಕ್ಲಾರಿನೆಟ್ಟು ತುಟಿಗೆ ಬಂತು. ಎರಡನೆಯ ಸುತ್ತಿನಲ್ಲಿ ಆ ಜಾಗ ಬಂದಾಗ ಹುಡುಗಿಯರೆಲ್ಲ ಒಟ್ಟಿಗೆ ಕೂಗಿದರು. ಮೂರನೆಯದಕ್ಕೆ ವಿನೀತನ ಗೆಳೆಯರೂ, ಗಿರಮಿಟ್ಟಿನವನೂ, ಏನು ಎತ್ತ ತಿಳಿಯದ ವೆಂಕಣ್ಣನವರೂ ತಮಗೆ ಕೇಳಿಸಿದಷ್ಟು ಸೇರಿಸಿ ಕೂಗಿದರು.

ಹಾಡು ಮುಗಿದು ವರನಿಗೆ ಆರತಿಯಾಗುತ್ತಿದ್ದಾಗ ಋತುಜಾ ಗೀತಾಳ ರಟ್ಟೆ ಹಿಡಿದು ಕೇಳಿದ್ದು ಹೊಳೆಯಪ್ಪನಿಗೂ ಕೇಳಿಸಿತು. “ಅಲ್ಲ ಗೀತಾ, ಅಲ್ಲಿ ಬಿಡಬೇಕಂತ ಬ್ಯಾಂಡಿನವರಿಗೆ ಹೆಂಗ ಗೊತ್ತಾತು?”

“ನಾ ಹೇಳಿಕೊಟ್ಟೆ ಅಕ್ಕಾ,” ಎಂದಳು ಗೀತಾ. ಆಮೇಲೆ ಎಲ್ಲ ಗೆಳತಿಯರಿಗೂ ಕೇಳುವಷ್ಟು ದನಿಯಲ್ಲಿ, “ಅವರು ನಮ್ಮಪ್ಪ.”

ಋತುಜಾ ಸೊಂಟಕ್ಕೆ ಕೈಯಿಟ್ಟು ಹೊಳೆಯಪ್ಪನ ಕಡೆ ತಿರುಗಿದಳು. “ಕಾಕಾ, ಅವತ್ತು ನಾ ಈಕಿ ಹೆಸರು ಹೇಳಿದಾಗ ನೀವು ‘ಹೌದೇನ್ರಿ’ ಅಂದು ಸುಮ್ಮ ಕೂತಿದ್ರಲ್ಲ?”

“ತಪ್ಪು ಹಿಡ್ಯಾಕಿ ಅಂತ ಹೇಳಿದ್ರಲ್ರಿ,” ಎಂದ ಹೊಳೆಯಪ್ಪ. “ಅಂಜಿದೆ.”

ಎಲ್ಲರೂ ನಕ್ಕರು. ಗೀತಾ ನಗಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅಪ್ಪನ ಕೈಗೆ ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಕ್ಲಾರಿನೆಟ್ಟನ್ನು ತಾನು ಹಿಡಿದುಕೊಂಡು ಪಕ್ಕದಲ್ಲೇ ನಿಂತಳು. ಹಿಂದೆ ಮುಷರಫ ಹಲ್ಲಿನ ಗುರುತು ಬಿದ್ದ ಕಡ್ಡಿಗಳನ್ನು ನೀಲಪ್ಪನಿಗೆ ತೋರಿಸಿ ಹೊಸ ಕಡ್ಡಿಯ ಖರ್ಚು ಯಾರದೆಂದು ವಾದ ಮಾಡುತ್ತಿದ್ದ.

ಮರುದಿನ ಹೊಳೆಯಪ್ಪ ಏಳುವಾಗ ಹೊತ್ತೇರಿತ್ತು. ಬೆವರಿನಲ್ಲಿ ತೊಯ್ದಿದ್ದ ಕೋಟನ್ನು ನೋಡೋಣವೆಂದು ಹಿತ್ತಲಿಗೆ ಹೋದ. ಹಿತ್ತಲ ತಂತಿಯ ಮೇಲೆ ಒಂದು ಟವೆಲ್ಲು ಬಿಟ್ಟರೆ ಏನೂ ಇರಲಿಲ್ಲ. ಒಲೆಯ ಮುಂದಿದ್ದ ಶಿವಬಸವ್ವ ತಲೆಯೆತ್ತದೆ, “ಬಣ್ಣ ಹೋಗತೈತಿ ಅಂತ ನಾ ಹೇಳಿದೆ. ಕೇಳಲಿಲ್ಲ ಆಕಿ” ಎಂದಳು.

ಅವನು ಮುಂಬಾಗಿಲಿಗೆ ಬಂದ. ತೊಳೆದ ಕೆಂಪು ಕೋಟು ರಸ್ತೆಗೆ ಎದುರಾಗಿ, ಮುಂದಿನ ತಂತಿಯ ನಡುವೆ ತೂಗುತ್ತಿತ್ತು. ಹಿತ್ತಾಳೆ ಗುಂಡಿಗಳನ್ನು ಯಾರೋ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಹುಬ್ಬಳ್ಳಿಯ ಕಡೆ ಹೊರಟ ಸಿಟಿ ಬಸ್ಸೊಂದು ಕ್ರಾಸಿನಲ್ಲಿ ನಿಧಾನವಾಯಿತು. ಕಿಟಕಿಯ ಹತ್ತಿರ ಕೂತವರು ಕೋಟನ್ನು ನೋಡಿದರು. ಬಿಸಿಲು ಚುರುಕಾಗಿತ್ತು. ಹೊಳೆಯಪ್ಪ ಕೋಟನ್ನು ತೆಗೆಯಲೆಂದು ಕೈ ಚಾಚಿದ. ಒಂದು ತೋಳು ಒಳಗೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ ಹೊರಗೆ ತೆಗೆದು, ಜರಿಪಟ್ಟಿ ರಸ್ತೆಯ ಕಡೆ ಬರುವಂತೆ ನೇರ ಮಾಡಿ, ಚಹಾ ಕುಡಿಯಲು ಒಳಗೆ ಹೋದ.